‘ಭಕ್ತ ಪ್ರಹ್ಲಾದ’ದ ಹಿರಣ್ಯಕಶಿಪು

ಪ್ರತಿನಾಯಕನು ಲೋಭಿಯೂ ಉದ್ಧತನೂ ಪಾಪಕಾರ್ಯದಲ್ಲಿ ನಿರತನೂ ಆಗಿರಬೇಕೆಂಬುದು ದಶರೂಪಕಕಾರನಾದ ಧನಂಜಯನ ಮತ. ಲಕ್ಷಣವೇನೋ ಸರಿಯೇ, ಆದರೆ ಇಷ್ಟರಿಂದಲೇ ಅವನು ಸಹೃದಯರ ಮನಸ್ಸನ್ನು ಹೊಗಲಾರನು. ತೇರದಾಳದ ನೆರೆಯ ಮುಧೋಳದಲ್ಲಿ ಜನಿಸಿದ ರನ್ನಕವಿಯು ಸಾವಿರ ವರ್ಷಗಳ ಹಿಂದೆಯೇ ಇದನ್ನರಿತಿದ್ದನು. ಗದಾಯುದ್ಧದ ನಾಯಕನು ಭೀಮನೇ ಆದರೂ, ರಣರಂಗದಲ್ಲಿ ಮಗನ ಶವದ ಮುಂದೆ ನಿಂತ ದುರ್ಯೋಧನನಿಗಾಗಿಯೇ ವಾಚಕರ ಕಣ್ಣು ಒದ್ದೆಯಾಗುವುದು.

ಈ ಒರೆಗಲ್ಲಿಗೆ ಹಚ್ಚಿ ನೋಡತಕ್ಕ ಪಾತ್ರವೊಂದು ಕನ್ನಡ ಬೋಲಪಟದಲ್ಲಿದೆ. ಅದು ೧೯೮೩ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜಕುಮಾರರು ವಹಿಸಿದ ಹಿರಣ್ಯಕಶಿಪು. ೧೯೫೪ರ ‘ಬೇಡರ ಕಣ್ಣಪ್ಪ’ದಿಂದ ಮೊದಲ್ಗೊಂಡು ಜನರು ಅವರನ್ನು ಬಹುಮಟ್ಟಿಗೆ ಸತ್ಪುರುಷರ ಪಾತ್ರಗಳಲ್ಲಿಯೇ ಕಂಡು ಒಲಿದಿದ್ದರು. ೧೯೫೯ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಮಹಿಷನಾದುದುಂಟು, ಆದರೆ ಐವತ್ತು ದಾಟಿದ ನಟನ ಈ ದೈತ್ಯನ ಪಾಕವೇ ಬೇರೆ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದ ಕಂಠವದು. ದೀರ್ಘ ಸಮಾಸಗಳು ಉಸಿರು ಕಡಿಯದೆ, ಒಂದು ಅಕ್ಷರವೂ ಸವೆಯದೆ ಹೊರಬರುತ್ತವೆ. ದಾನವರಿಗೆ ರೌದ್ರವು ಸಹಜವೆಂದು ಭರತನೇ ಹೇಳಿರುವನಷ್ಟೆ. ದೊಡ್ಡಾಟದ ರಕ್ಕಸನು ಅಬ್ಬರಿಸಿ ಕುಣಿದರೆ ಈ ಸೀಮೆಯ ಜನ ತೃಪ್ತರಾಗುವರು. ಅದರಲ್ಲಿ ತಪ್ಪೂ ಇಲ್ಲ. ಇಲ್ಲಿಯಾದರೋ ಅಬ್ಬರವು ಆರಂಭ ಮಾತ್ರ.

ಹಿರಣ್ಯಕಶಿಪುವಿನ ದ್ವೇಷಕ್ಕೆ ಕಾರಣವುಂಟು: ವರಾಹನು ಅವನ ತಮ್ಮನನ್ನು ಕೊಂದಿದ್ದಾನೆ. ಆ ಕೊಂದವನ ನಾಮವನ್ನೇ ಹೆತ್ತ ಮಗನು ಹಗಲಿರುಳು ಜಪಿಸುವನು. ಈ ಸಂಕಟವನ್ನು ನಟನು ಕ್ಷಣಮಾತ್ರವೂ ಮರೆತಿಲ್ಲ. ಬಾಯಿ ಗದರುತ್ತಿರುವಾಗಲೂ ಕಣ್ಣು ಮಗುವನ್ನು ಬಿಟ್ಟು ಕದಲದು. ಕಂಬದ ಮುಂದೆ ಹರಿಯೆಲ್ಲಿರುವನೆಂದು ಕೇಳುವಾಗ ಕ್ರೋಧದ ಅಡಿಯಲ್ಲಿ ಉತ್ತರದ ಭಯವೂ ಕೇಳಿಸುತ್ತದೆ. ಸಾಹಿತ್ಯದರ್ಪಣಕಾರನು ವತ್ಸಲವನ್ನು ಹತ್ತನೆಯ ರಸವೆಂದು ಅಂಗೀಕರಿಸಿದನು. ಅದು ರೌದ್ರದೊಡನೆ ಒಂದೇ ಮುಖದಲ್ಲಿ ನೆಲೆಸುವುದನ್ನು ಇಲ್ಲಿ ಕಾಣಬಹುದು. ಪ್ರಹ್ಲಾದನಾದ ಎಂಟು ವರ್ಷದ ಲೋಹಿತ್ (ಮುಂದೆ ಪುನೀತ್ ರಾಜಕುಮಾರ್ ಎಂದು ಹೆಸರಾಗಿ ೨೦೨೧ರಲ್ಲಿ ಅಕಾಲದಲ್ಲಿ ತೀರಿಕೊಂಡವರು) ನಟನ ಸ್ವಂತ ಮಗನೆಂಬುದು ಕಾವ್ಯದ ಹೊರಗಿನ ಸಂಗತಿ. ವಿಮರ್ಶೆಯು ಅದನ್ನು ಗುಣವಾಗಿ ಎಣಿಸಕೂಡದು. ಆದರೂ ಇಂದು ನೋಡುವವರಿಗೆ ಅದನ್ನು ಮರೆತಿರುವುದು ಕಷ್ಟ.

ಪರದೇಶದ ಚಿತ್ರಗಳಲ್ಲಿ ೨೦೦೮ರ ‘ದಿ ಡಾರ್ಕ್ ನೈಟ್’ನ ಜೋಕರನನ್ನು ಇಂದಿನ ತರುಣರು ಬಹಳ ಕೊಂಡಾಡುವರು. ಆ ಪಾತ್ರಕ್ಕಾಗಿ ಹೀತ್ ಲೆಜರನಿಗೆ ಮರಣಾನಂತರ ಆಸ್ಕರ್ ಬಹುಮಾನವೂ ಸಂದಿತು, ಪ್ರಶಂಸೆಯು ಅಯೋಗ್ಯವಲ್ಲ. ಆ ದುಷ್ಟನಿಗೆ ಊರಿಲ್ಲ, ಕುಲವಿಲ್ಲ. ತನ್ನ ಮುಖದ ಗಾಯಕ್ಕೆ ಒಮ್ಮೆ ಒಂದು ಕಥೆ, ಮತ್ತೊಮ್ಮೆ ಬೇರೊಂದು. ಹಣದ ರಾಶಿಗೇ ಬೆಂಕಿಯಿಡುವನು. ಕಾರಣ ತಿಳಿಯದುದರಿಂದಲೇ ಅವನು ಭಯಂಕರ. ಕನ್ನಡದ ದೈತ್ಯನ ಭಯವು ಬೇರೆ ಜಾತಿಯದು. ಮಗನು ಬೇರೆ ದಾರಿ ಹಿಡಿದನೆಂದು ಕೋಲೆತ್ತಿದ ತಂದೆಯಾರೂ ಈ ಚಿತ್ರದ ಮುಂದೆ ನಿಶ್ಚಿಂತನಾಗಿ ಕುಳಿತಿರಲಾರನು.

ಸರಿತಾ ಅವರ ಕಯಾಧು, ಅನಂತನಾಗರ ನಾರದ ತಕ್ಕಮಟ್ಟಿಗೆ ಒಪ್ಪುತ್ತವೆ. ಕುಂದಿರುವುದು ಕೊನೆಯಲ್ಲಿ. ಒಡೆದ ಕಂಬದಿಂದ ಹೊರಟ ನರಸಿಂಹನಲ್ಲಿ ವೇಷಭೂಷಣವೇ ಕಣ್ಣಿಗೆ ಬೀಳುವುದಲ್ಲದೆ ದೈವವು ಗೋಚರಿಸುವುದಿಲ್ಲ. ಅಷ್ಟು ದೊಡ್ಡ ದೈತ್ಯನನ್ನು ಇಷ್ಟು ಸಣ್ಣ ಸಿಂಹವು ಕೊಂದಿತೇ ಎಂದು ಪ್ರೇಕ್ಷಕರು ಕೇಳಿದರೆ ಉತ್ತರ ಕೊಡುವುದು ಕಷ್ಟ.