ಬೋಧೆ ಒಂದು, ಬಳಕೆ ಇನ್ನೊಂದು: ಜಪಾನಿ ನುಡಿಗಟ್ಟು ಸವಿಯುವ ಬಗೆ

ಬೌದ್ಧ ಬೇರಿನ ಜಪಾನಿ ನುಡಿಗಟ್ಟುಗಳನ್ನು ಸವಿಯಬೇಕೆನ್ನುವವರು ಸೂತ್ರಗ್ರಂಥಗಳಿಗೆ ಕೈಹಾಕುವ ಮೊದಲು, ಆ ಮಾತನ್ನು ಯಾರು ಯಾರಿಗೆ ಎಂಥ ಹೊತ್ತಿನಲ್ಲಿ ಆಡುತ್ತಾರೆ ಎಂಬುದನ್ನು ಗಮನಿಸಬೇಕು. ಬೋಧೆ ಹೇಳಿದ್ದಕ್ಕೂ ಬಳಕೆ ಉಳಿಸಿಕೊಂಡದ್ದಕ್ಕೂ ಇರುವ ಅಂತರದಲ್ಲೇ ಅವುಗಳ ರಸವಿದೆ. 'ಜಿಗೋ ಜಿತೊಕು' ಎಂದರೆ ತನ್ನ ಕರ್ಮದ ಫಲ ತನಗೇ. ಬೋಧೆಯಲ್ಲಿ ಒಳ್ಳೆಯ ಕರ್ಮದ ಫಲವೂ ಇದರೊಳಗೆ ಸೇರುತ್ತದೆ. ಬಳಕೆಯಲ್ಲಾದರೋ ಓದದೆ ನಪಾಸಾದವನಿಗೆ ಈ ಮಾತು, ಓದಿ ಗೆದ್ದವನಿಗಲ್ಲ. ನಮ್ಮ 'ಮಾಡಿದ್ದುಣ್ಣೋ ಮಹರಾಯ' ಕೂಡ ಕೆಟ್ಟ ಫಲ ಕಂಡಾಗಲೇ ಬಾಯಿಗೆ ಬರುತ್ತದೆ. ಲೋಕದ ನಿಯಮವೊಂದು ಎರಡೂ ಕಡೆ ಬುದ್ಧಿಮಾತಾಗಿದೆ.

ಆಡುವವರಿಗೇ ಮೂಲ ತಿಳಿಯದಿದ್ದಾಗ ಅದನ್ನು ಕೆದಕುವುದು ಬರಿಯ ಪಾಂಡಿತ್ಯವಲ್ಲವೇ ಎಂದು ಕೇಳಬಹುದು. 'ಸೊದೆ ಫುರಿಯೌ ಮೊ ತಾಶೋ ನೊ ಎನ್' ಎಂಬ ಗಾದೆ ಇದಕ್ಕೆ ಉತ್ತರ ಕೊಡುತ್ತದೆ. ದಾರಿಯಲ್ಲಿ ಅಪರಿಚಿತರ ಉಡುಪಿನ ತೋಳು ಒಂದಕ್ಕೊಂದು ತಾಗುವುದಕ್ಕೂ ಹಲವು ಜನ್ಮಗಳ ನಂಟು ಕಾರಣ ಎಂಬುದು ಅದರ ಅರ್ಥ. ಹಲವು ಜನ್ಮ ಎನ್ನುವ 'ತಾಶೋ' ಪದವನ್ನು ಅದೇ ಉಚ್ಚಾರದ, 'ಒಂದಿಷ್ಟು' ಎನ್ನುವ ಇನ್ನೊಂದು ಪದವೆಂದು ಇಂದು ಅನೇಕರು ತಿಳಿಯುತ್ತಾರೆ. ಜನ್ಮಾಂತರ ಮರೆತುಹೋದರೂ ಗುರುತಿಲ್ಲದವರನ್ನು ಆದರದಿಂದ ಕಾಣಬೇಕೆಂಬ ನಡತೆ ಮಾತಿನಲ್ಲಿ ಉಳಿದಿದೆ. ಆ ಆದರ ಎಲ್ಲಿಂದ ಬಂತು ಎಂಬುದು ಮೂಲ ಬಲ್ಲವರಿಗಷ್ಟೇ ಹೊಳೆಯುತ್ತದೆ.

ಬಳಕೆ ಬೋಧೆಯನ್ನೇ ಕೆಡಿಸಿದರೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದುದು. ಅಮಿದ ಬುದ್ಧನ ಸಂಕಲ್ಪಬಲದಿಂದಲೇ ಬಿಡುಗಡೆ ಎಂಬ 'ತಾರಿಕಿ ಹೊಂಗನ್' ಜಪಾನಿನ ಬೌದ್ಧ ಗುರು ಶಿನ್‌ರಾನ್ (1173–1263) ಬೋಧೆಯ ತಿರುಳು. ಇಂದು ಆ ಮಾತು ಕೈಕಟ್ಟಿ ಕೂತು ಪರರನ್ನು ನೆಚ್ಚುವವರಿಗೆ ಬೈಗುಳ. ತಮ್ಮ ತಂಡ ಮುಂದಿನ ಸುತ್ತಿಗೇರಲು ಇನ್ನೊಂದು ತಂಡ ಸೋಲಲೆಂದು ಕಾಯುವುದಕ್ಕೂ ಇದೇ ಹೆಸರು. 2002ರಲ್ಲಿ ಜಾಹೀರಾತೊಂದು ಅದನ್ನು ಹೀಗೆ ಹಳಿಯುವ ಅರ್ಥದಲ್ಲಿ ಬಳಸಿದಾಗ ಶಿನ್‌ರಾನ್‌ನನ್ನು ಅನುಸರಿಸುವ ಶಿನ್ ಪಂಥದವರು ಪ್ರತಿಭಟಿಸಿದರು. ಅವರ ನೋವು ನ್ಯಾಯವಾದದ್ದೇ. ಆದರೂ ರಸಿಕರು ಎರಡರ್ಥಗಳಲ್ಲಿ ಒಂದನ್ನು ಅಳಿಸಬೇಕಿಲ್ಲ. ಸ್ವಂತ ಬಲದ ಮೇಲೆ ಮನುಷ್ಯನಿಗಿರುವ ನೆಚ್ಚಿಕೆಯನ್ನೇ ಶಿನ್‌ರಾನ್ ಪ್ರಶ್ನಿಸಿದ್ದು. ಅವನ ಮಾತನ್ನು ಬೈಗುಳವಾಗಿಸಿದ್ದೂ ಅದೇ ನೆಚ್ಚಿಕೆ. ಹೀಗೆ ನೋಡಿದರೆ, ಕೆಟ್ಟಿತೆನ್ನುವ ಬಳಕೆಯೇ ಆ ಬೋಧೆ ಏಕೆ ಬೇಕಾಯಿತೆಂಬುದಕ್ಕೆ ಸಾಕ್ಷಿ. ಆದ್ದರಿಂದ ಪ್ರತಿ ನುಡಿಗಟ್ಟಿನ ಮುಂದೆಯೂ ಜನ ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು, ಏಕೆ ಬಿಟ್ಟರು ಎಂದು ಕೇಳಿಕೊಳ್ಳಿ. ಧರ್ಮವೊಂದು ಸಾಮಾನ್ಯರ ಬದುಕಿನಲ್ಲಿ ಎಷ್ಟು ಒಗ್ಗಿತು, ಎಲ್ಲಿ ಒಗ್ಗದೆ ಹೋಯಿತು ಎಂಬುದನ್ನು ಈ ಪುಟ್ಟ ಮಾತುಗಳಷ್ಟು ಪ್ರಾಮಾಣಿಕವಾಗಿ ಹೇಳುವ ದಾಖಲೆ ಅಪರೂಪ.