ಕೆನರಾ ಎಂಬ ಹೆಸರೂ ಅದರ ಎಲ್ಲೆಗಳೂ

ಪಶ್ಚಿಮ ಕರಾವಳಿಯ ಚರಿತ್ರೆಯನ್ನು ಬರೆಯುವವರು ಆಂಗ್ಲರ ಕಾಗದಪತ್ರಗಳಲ್ಲಿ ಬರುವ 'ಕೆನರಾ' ಶಬ್ದವನ್ನು 'ಕನ್ನಡ ಜಿಲ್ಲೆ' ಎಂದು ತಿರುಗಿಸಿ ಮುಂದೆ ಸಾಗುವ ರೂಢಿಯುಂಟು. ಶಬ್ದವ್ಯುತ್ಪತ್ತಿಯ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಚರಿತ್ರೆಯ ದೃಷ್ಟಿಯಿಂದ ಇದು ಅಪಾಯಕರವೆಂದು ನಾವು ಭಾವಿಸುತ್ತೇವೆ. ಆ ಹೆಸರು ಅನುಸರಿಸಿದುದು ಆಳುವವರ ಅನುಕೂಲವನ್ನೇ ಹೊರತು ಭಾಷೆಯ ಎಲ್ಲೆಯನ್ನಲ್ಲ.

ಕರ್ನಾಟವೆಂಬುದರ ಮೂಲನೆಲೆ ಘಟ್ಟದ ಮೇಲಿನ ನಾಡು. ಪೋರ್ಚುಗೀಸರಿಂದ ಅದು ಕರಾವಳಿಗೆ ಕೆನರಾ ಎಂಬ ರೂಪದಲ್ಲಿ ಅಂಟಿಕೊಂಡಿತು. ಅತ್ತ ಆರ್ಕಾಟಿನ ನವಾಬನ ತಮಿಳು ಸೀಮೆ ಆಂಗ್ಲರ ಬಾಯಲ್ಲಿ 'ಕರ್ನಾಟಿಕ್' ಆಯಿತು. ಗೋವೆಯಲ್ಲಂತೂ ಗೊಂದಲ ಇನ್ನೂ ಮುಂದುವರಿಯಿತು. 1640ರಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸನ ವ್ಯಾಕರಣದ ಹೆಸರಿನಲ್ಲಿ 'ಕನಾರಿಂ' ಭಾಷೆ ಎಂದಿದೆ, ಗ್ರಂಥ ಕೊಂಕಣಿಯದು. ಹೆಸರನ್ನು ಮಾತ್ರ ನೋಡಿ ಇದನ್ನು ಕನ್ನಡ ವ್ಯಾಕರಣಗಳ ಪಟ್ಟಿಗೆ ಸೇರಿಸುವವನ ಗತಿಯೇನು?

1799ರಲ್ಲಿ ಟಿಪ್ಪುವಿನ ಪತನಾನಂತರ ಕಂಪನಿಗೆ ದೊರೆತ ಕೆನರಾ ಪ್ರಾಂತದಲ್ಲಿ ಕಾರವಾರದ ಸೀಮೆಯೂ ಮಂಗಳೂರೂ ಕೂಡಿದ್ದವು. ಘಟ್ಟದ ಮೇಲಿನ ಸೋದೆಯೂ ಅದರೊಂದಿಗೆ ಆಡಳಿತಕ್ಕೆ ಸೇರಿತ್ತು. 1801ರಲ್ಲಿ ಸಂಚರಿಸಿದ ಬುಕನನ್ ಇಲ್ಲಿಯ ತುಳುವ, ಹೈವ ಎಂಬ ವಿಭಾಗಗಳನ್ನು ಬೇರೆಬೇರೆಯಾಗಿಯೇ ಗುರುತಿಸಿದ್ದಾನೆ. ಸುಳ್ಯ, ಪುತ್ತೂರುಗಳ ಮಾಗಣೆಗಳು ಕೆನರಾಕ್ಕೆ ಸೇರಿದ್ದು ಕೊಡಗಿನ ರಾಜ್ಯ ಹೋದ 1834ರ ತರುವಾಯ. 1837ರ ದಂಗೆ ಆ ಭಾಗದಲ್ಲೇ ಹೊತ್ತಿಕೊಂಡಿತು.

ಅತ್ಯಂತ ದೊಡ್ಡ ಪಲ್ಲಟ 1862ರದು. ಅದಕ್ಕೆ ಕೆಲವೇ ವರ್ಷ ಮೊದಲು ಉತ್ತರ, ದಕ್ಷಿಣವೆಂದು ಇಬ್ಭಾಗವಾಗಿದ್ದ ಪ್ರಾಂತದ ಉತ್ತರಭಾಗ ಮದರಾಸಿನಿಂದ ಮುಂಬಯಿಗೆ ವರ್ಗವಾಯಿತು. ಇದರ ಹಿಂದೆ ಭಾಷೆಯೂ ಇಲ್ಲ, ಪೂರ್ವಪರಂಪರೆಯೂ ಇಲ್ಲ, ಹತ್ತಿಯಿದೆ. ಧಾರವಾಡದ ಹತ್ತಿಗೆ ಕಾರವಾರದ ಬಂದರು ಬೇಕಾಗಿತ್ತು. ಬೆಳೆಯುವ ನೆಲ, ಸಾಗಿಸುವ ದಾರಿ, ಹಡಗು ನಿಲ್ಲುವ ರೇವು ಒಂದೇ ಸರ್ಕಾರದ ಕೈಯಲ್ಲಿರಲೆಂದು ಮ್ಯಾಂಚೆಸ್ಟರಿನ ವರ್ತಕರು ಒತ್ತಾಯಪಡಿಸುತ್ತಿದ್ದರು. ಕುಂದಾಪುರ ತಾಲ್ಲೂಕು ಮಾತ್ರ ಮದರಾಸಿನಲ್ಲೇ ಉಳಿಯಿತು.

ಎಲ್ಲೆ ಸರಿದುದರ ಫಲವನ್ನು ಒಕ್ಕಲುಗಳು ಉಂಡರು. ಇಡೀ ಪ್ರಾಂತವನ್ನು ಕಂಡ ಮನ್ರೋ 1800ರಲ್ಲಿ ಇಲ್ಲಿಯ ಭೂಮಿ ಖಾಸಗಿ ಒಡೆತನದ್ದೆಂದು ಬರೆದಿದ್ದನು. ಮುಂಬಯಿಗೆ ಸೇರಿದ ಮೂಲವರ್ಗದಾರರ ಮೇಲೆ ಆ ಸರ್ಕಾರದ ಮೋಜಣಿ ಪದ್ಧತಿ ಬಂದಿತು. ತಮ್ಮ ಕಂದಾಯವನ್ನು ಹೆಚ್ಚಿಸಕೂಡದೆಂದು ಹೂಡಿದ ವ್ಯಾಜ್ಯ 1875ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಆದುದರಿಂದ ಮನ್ರೋವಿನ ವರದಿಯನ್ನು ದಕ್ಷಿಣ ಜಿಲ್ಲೆಗೆ ಮಾತ್ರ ಅನ್ವಯಿಸಿ, ಉತ್ತರದ ಗೇಣಿಪದ್ಧತಿಯನ್ನು ಮುಂಬಯಿಯ ಸೃಷ್ಟಿಯೆಂಬಂತೆ ವರ್ಣಿಸುವುದು ಸಲ್ಲದು.

ಮುದ್ರಿತ ಗ್ರಂಥಗಳೂ ನಮ್ಮನ್ನು ದಾರಿತಪ್ಪಿಸುತ್ತವೆ. 1883ರ ಮುಂಬಯಿ ಗೆಜೆಟಿಯರಿನ ಹದಿನೈದನೆಯ ಸಂಪುಟದ ಹೆಸರು ಬರಿಯ 'ಕೆನರಾ'; ಒಳಗಿರುವುದು ಉತ್ತರದ ಜಿಲ್ಲೆ. 1894ರಲ್ಲಿ ಸ್ಟರಕ್ ರಚಿಸಿದ ಮದರಾಸಿನ ಕೈಪಿಡಿ 'ದಕ್ಷಿಣ'ವೆಂಬ ವಿಶೇಷಣವನ್ನು ಬಿಡಲಿಲ್ಲ. ಒಬ್ಬರು 'ಕೆ' ಅಕ್ಷರದಿಂದ, ಇನ್ನೊಬ್ಬರು 'ಸಿ' ಅಕ್ಷರದಿಂದ ಬರೆದರು. ಎಷ್ಟೋ ವೇಳೆ ಕಡತ ಯಾವ ಕಚೇರಿಯದೆಂದು ತಿಳಿಯಲು ಆ ಕಾಗುಣಿತವೇ ಸುಳಿವು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಎರಡು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯದಲ್ಲಿ ಕೂಡಿದರೂ ಒಂದಾಗಲಿಲ್ಲ. ಕುಂದಾಪುರ 1997ರಲ್ಲಿ ಉಡುಪಿ ಜಿಲ್ಲೆಗೆ ಸೇರಿತು. ಆ ತಾಲ್ಲೂಕಿನ ಹಳೆಯ ಲೆಕ್ಕಗಳನ್ನು ಅರಸುವವರು ಕೆನರಾ, ಉತ್ತರ ಕೆನರಾ, ದಕ್ಷಿಣ ಕೆನರಾ ಎಂಬ ಮೂರು ತಲೆಬರಹಗಳನ್ನೂ ತೆರೆದು ನೋಡಬೇಕು.