ಕೆರಾಟಿನ್ ಹೆಸರಿನ ಇಸ್ತ್ರಿ

ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯಿಂದ ಹಿಂಜವಡಿಯ ತನಕ ಸಲೂನುಗಳ ಬೆಲೆಪಟ್ಟಿಯಲ್ಲಿ ‘ಕೆರಾಟಿನ್ ಟ್ರೀಟ್‌ಮೆಂಟ್’ ಈಗ ಕಟಿಂಗ್, ಫೇಶಿಯಲ್‌ಗಳಷ್ಟೇ ಮಾಮೂಲು. ಟ್ಯಾಂಕರ್ ನೀರಲ್ಲಿ ಮಿಂದು ಒರಟಾದ ಕೂದಲಿಗೆ ಕಳೆದುಹೋದ ಪ್ರೋಟೀನನ್ನು ಮರಳಿ ತುಂಬುತ್ತೇವೆ ಎನ್ನುತ್ತಾರೆ. ಕೂದಲೇನೋ ನುಣುಪಾಗುತ್ತದೆ, ಆ ಮಾತು ಮಾತ್ರ ಪರೀಕ್ಷೆಗೆ ನಿಲ್ಲುವುದಿಲ್ಲ.

ಚರ್ಮ, ಬಾಯಿಯ ಒಳಪದರ, ಕರುಳಿನ ಹೊದಿಕೆ, ಇವುಗಳ ಜೀವಕೋಶಗಳೊಳಗೆ ಎಳೆಎಳೆಯಾಗಿ ಹಬ್ಬಿ, ಜಗ್ಗಾಟಕ್ಕೆ ಅವು ಹರಿಯದಂತೆ ಹಿಡಿದಿಡುವ ಪ್ರೋಟೀನು ಕೆರಾಟಿನ್. ಮನುಷ್ಯನಲ್ಲಿ ಇದಕ್ಕೆ 54 ಜೀನ್‌ಗಳಿವೆ. ಅವುಗಳಲ್ಲಿ ಕೆ5 ಅಥವಾ ಕೆ14 ಎಂಬ ಯಾವುದೋ ಒಂದರಲ್ಲಿ ದೋಷವಿದ್ದರೂ ತುಸು ಉಜ್ಜಿದಲ್ಲೆಲ್ಲ ಮಗುವಿನ ಮೈಮೇಲೆ ಬೊಬ್ಬೆ ಏಳಬಹುದು. ಕೂದಲಿನ ಕೆರಾಟಿನ್ನನ್ನು ಹೆಣೆಯುವುದೂ ಬುಡದ ಜೀವಂತ ಕೋಶಗಳೇ. ಅದನ್ನು ಬಿಗಿಯುವುದು ಗಂಧಕದ ಬಂಧಗಳು. ನೆತ್ತಿಯಿಂದ ಹೊರಬಂದದ್ದು ಸತ್ತ ಕೋಶಗಳ ಎಳೆ. ಉಣ್ಣೆಯಿಂದಲೋ ಹಕ್ಕಿಗರಿಯಿಂದಲೋ ತೆಗೆದು ತುಂಡರಿಸಿದ ಪ್ರೋಟೀನು ಅದರ ಮೇಲೆ ಲೇಪವಾಗಿ ಕೂರಬಹುದು, ಒಂದಿಷ್ಟು ಒಳಗೂ ಇಳಿಯಬಹುದು. ಹಳೆಯ ಹೆಣಿಗೆ ಮತ್ತೆ ಕೂಡಿಕೊಳ್ಳುವುದಿಲ್ಲ.

ಹಾಗಾದರೆ ನುಣುಪು ಎಲ್ಲಿಂದ? ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇಲ್ಲವೇ ಗ್ಲೈಆಕ್ಸಿಲಿಕ್ ಆಮ್ಲ, ಮೇಲೆ 200 ಡಿಗ್ರಿ ದಾಟಿದ ಇಸ್ತ್ರಿ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ತೀರ್ಮಾನಿಸಿದೆ. ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂಬ ಚೀಟಿಯನ್ನೂ ನಂಬುವಂತಿಲ್ಲ. ಅಮೆರಿಕದ ಒರೆಗಾನ್‌ನಲ್ಲಿ 2010ರಲ್ಲಿ ಅಂಥ ಚೀಟಿಯಿದ್ದ ದ್ರಾವಣದಲ್ಲೇ ಅದು ಸಿಕ್ಕಿತ್ತು. ಬದಲಿಗೆ ಬಂದ ಆಮ್ಲವಾದರೂ ಸಾಧುವೇ? ಫ್ರೆಂಚ್ ವೈದ್ಯರು 2024ರಲ್ಲಿ ವರದಿ ಮಾಡಿದ 26ರ ಯುವತಿ ಮೂರು ಸಲ ಕೂದಲು ನೇರ ಮಾಡಿಸಿಕೊಂಡಿದ್ದಳು; ಮೂರೂ ಸಲ ಮೂತ್ರಪಿಂಡಕ್ಕೆ ಪೆಟ್ಟು. ಆಗ ಬಳಸಿದ, ಆ ಆಮ್ಲವಿದ್ದ ಕ್ರೀಮನ್ನೇ ಹಚ್ಚಿದ ಇಲಿಗಳ ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳು ಕಂಡವು.

ಸುರುಳಿಗೂದಲನ್ನು ನೇರವಾಗಿಸುವ ಆಸೆಯನ್ನು ಹೀಗಳೆಯುವ ಉಪದೇಶಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆ ಸಾಲಿಗೆ ಸೇರುವ ಮನಸ್ಸು ನನಗಿಲ್ಲ. ಮೂರು ನಾಲ್ಕು ತಿಂಗಳು ಬಾಚಣಿಗೆಯ ಕಾಟ ತಪ್ಪುವುದೂ ಸುಖವೇ. ಆದರೆ ಇಸ್ತ್ರಿಯಡಿ ಏಳುವ ಹೊಗೆಯಲ್ಲಿ ಗಿರಾಕಿ ಕೂರುವುದು ವರ್ಷಕ್ಕೆ ಎರಡು ಮೂರು ಸಲ. ಎಸಿಗೆಂದು ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಸ್ತ್ರಿ ಹಿಡಿದು ನಿಂತ ಹುಡುಗ ಹುಡುಗಿಯರು ಅದನ್ನು ದಿನವೂ ಉಸಿರಾಡುತ್ತಾರೆ. ‘ಪೋಷಣೆ’ ಎಂಬ ಜಾಹೀರಾತು ಮರೆಮಾಚುವುದು ಮುಖ್ಯವಾಗಿ ಇವರನ್ನು. ಬೆಲೆಪಟ್ಟಿಯಲ್ಲಿ ರೇಟಿನ ಪಕ್ಕ ದ್ರಾವಣದಲ್ಲಿ ಏನಿದೆಯೆಂದು ಬರೆದಿರಬೇಕು, ಹೊಗೆ ಹೊರಹೋಗಲು ಫ್ಯಾನಿರಬೇಕು. ಅವಿಲ್ಲದ ಕಡೆ ಗಿರಾಕಿ ಬಾಟಲಿಯ ಹಿಂಬದಿ ಓದಿಯೇ ಕುರ್ಚಿಗೆ ಹೋಗಲಿ, ಕಣ್ಣುರಿ ಶುರುವಾದರೆ ಅರ್ಧಕ್ಕೇ ಎದ್ದು ಬರಲಿ.